ಖಾತೆಗೆ ಬರುವ ದುಡ್ಡು, ಹಳ್ಳಿಯ ಸಂಸಾರ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಸಂಘದ ಸಭೆಯಿರಲಿ, ಡೇರಿಯ ಮುಂದಿನ ಸಾಲಿರಲಿ, ಯಾರೋ ಬರೆದ ಕಾಗದವಿರಲಿ, ಸರ್ಕಾರ ನೇರವಾಗಿ ಜನರ ಖಾತೆಗೆ ಹಾಕುವ ದುಡ್ಡಿನ (ನೇರ ನಗದು) ಬಗ್ಗೆ ಇವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತನ್ನು ತಿದ್ದದೆ ಹಾಗೇ ಇಟ್ಟಿದ್ದೇನೆ. ಮೊದಲು ಎಲ್ಲರಿಗೂ ಬೇಕಾದವು, ಆಮೇಲೆ ವಾದಕ್ಕೆ ಬೀಳುವಂಥವು. ನಿಮಗೆ ಬೇಕಾದ ಪ್ರಶ್ನೆಯಷ್ಟನ್ನೇ ಓದಿದರೂ ಸಾಕು.

## ಮೊದಲು ತಿಳಿಯಬೇಕಾದ್ದು

ನೇರ ನಗದು ಅಂದ್ರೆ ಬರೀ ಗೃಹಲಕ್ಷ್ಮಿನಾ? ಬೇರೆ ಏನೇನ್ ಸೇರುತ್ತೆ?

ಗೃಹಲಕ್ಷ್ಮಿ ಎದ್ದು ಕಾಣುತ್ತದೆ, ಅಷ್ಟೇ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕ ಈ ಯೋಜನೆಯಲ್ಲಿ ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವ ಹೆಂಗಸಿಗೆ ತಿಂಗಳಿಗೆ 2,000 ರೂಪಾಯಿ. ಆಕೆ ಅಥವಾ ಗಂಡ ಆದಾಯ ತೆರಿಗೆ ಕಟ್ಟುವವರಾಗಿರಬಾರದು, ಜಿಎಸ್‌ಟಿ ಲೆಕ್ಕ ಸಲ್ಲಿಸುವವರಾಗಿರಬಾರದು. ಇದಲ್ಲದೆ, 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200, ವಿಧವಾ ವೇತನ 800. ಜಮೀನಿನ ಪಹಣಿ ಇದ್ದವರಿಗೆ ಪಿಎಂ ಕಿಸಾನ್, ವರ್ಷಕ್ಕೆ ಮೂರು ಕಂತಿನಲ್ಲಿ 6,000. ಡೇರಿಗೆ ಹಾಲು ಹಾಕುವವರಿಗೆ ಲೀಟರಿಗೆ 5 ರೂಪಾಯಿ ಸರ್ಕಾರದ ಪ್ರೋತ್ಸಾಹಧನ. ಬರ ಬಿದ್ದ ವರ್ಷ ಬೆಳೆ ಪರಿಹಾರ.

ಇವುಗಳಲ್ಲಿ ಯಾರು ಯಾವುದಕ್ಕೆ ಹೊರಗೆ ಎನ್ನುವುದನ್ನೂ ನೋಡಿ. ಪಿಎಂ ಕಿಸಾನ್ ಜಮೀನಿಲ್ಲದ ಕೂಲಿಯವರಿಗೆ ಇಲ್ಲ. ಪ್ರೋತ್ಸಾಹಧನ ಹಸು ಇಲ್ಲದವರಿಗೆ ಇಲ್ಲ. ಹೊಲವೂ ಇಲ್ಲದ, ಹಸುವೂ ಇಲ್ಲದ, ಪಿಂಚಣಿಯೂ ಇಲ್ಲದ ಮನೆಗೆ ಗೃಹಲಕ್ಷ್ಮಿಯೊಂದೇ ಗತಿ. ಅದಕ್ಕೇ ಅದರ ತೂಕ ಆ ಮನೆಗಳಲ್ಲಿ ಬೇರೆ.

ತಿಂಗಳಿಗೆ ಎರಡು ಸಾವಿರದಲ್ಲಿ ಏನ್ ಮಹಾ ಬದಲಾಗುತ್ತೆ?

ಎರಡು ಸಾವಿರವನ್ನು ದೊಡ್ಡದು ಚಿಕ್ಕದು ಎಂದು ಅಳೆಯುವ ಮೊದಲು, ಆ ಮನೆಗೆ ದುಡ್ಡು ಯಾವಾಗ ಬರುತ್ತದೆ ಎಂದು ಕೇಳಬೇಕು. ಪಾವಗಡ ಅಥವಾ ಗುಡಿಬಂಡೆ ಕಡೆಯ ಮಳೆಯಾಶ್ರಿತ ಸಂಸಾರವನ್ನು ತೆಗೆದುಕೊಳ್ಳಿ. ಮುಂಗಾರಿಗೆ ಬಿತ್ತನೆ ಬೀಜ, ಗೊಬ್ಬರ, ಉಳುಮೆಯ ಟ್ರ್ಯಾಕ್ಟರ್ ಬಾಡಿಗೆ ಎಂದು ಕೈ ಖಾಲಿಯಾಗುತ್ತದೆ. ರಾಗಿ ಮನೆಗೆ ಬರುವುದು ನವೆಂಬರ್, ಡಿಸೆಂಬರಿಗೆ. ನಡುವಿನ ನಾಲ್ಕೈದು ತಿಂಗಳು ಕೂಲಿ ಇದ್ದ ದಿನ ಸಾರು, ಇಲ್ಲದ ದಿನ ಮುದ್ದೆಗೆ ಉಪ್ಪು, ಹುಣಸೆಹಣ್ಣಿನ ನೀರು. ಮಗುವಿಗೆ ಜ್ವರ ಬಂದರೆ ಮೊದಲು ಕಾಣುವುದು ಆಸ್ಪತ್ರೆಯಲ್ಲ, ಸಾಲ ಕೊಡುವವನ ಮನೆ.

ಈ ನಾಲ್ಕೈದು ತಿಂಗಳಿಗೆ ನೇರ ನಗದು ಬಂದು ಕೂರುತ್ತದೆ. ವರ್ಷಕ್ಕೆ 24,000 ಎನ್ನುವುದಕ್ಕಿಂತ, ಮಳೆ ಬರಲಿ ಬಿಡಲಿ ಬರುವ ದುಡ್ಡು ಎನ್ನುವುದೇ ಅದರ ಗುಣ. ಹಳ್ಳಿಯ ಬಡ ಸಂಸಾರಕ್ಕೆ ದಿನಾಂಕ ಗೊತ್ತಿರುವ ಆದಾಯ ಹಿಂದೆಂದೂ ಇರಲಿಲ್ಲ. ಹೀಗಾಗಿಯೇ ಕಂತು ತಡವಾದಾಗ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬಂದಾಗ ಆಗುವ ನಷ್ಟ ಸಣ್ಣದಲ್ಲ. ಮೊತ್ತ ಅಷ್ಟೇ ಇರಬಹುದು, ಆದರೆ ಆ ನಡುವೆ ಬಡ್ಡಿಗೆ ತಂದಿದ್ದಾಗಿರುತ್ತದೆ. ಕೆಳಗಿನ ಅರ್ಧ ಉತ್ತರಗಳು ಕೊನೆಗೆ ಈ ಮಾತಿಗೇ ಬಂದು ನಿಲ್ಲುತ್ತವೆ.

ಪಕ್ಕದ ಮನೆಯವರಿಗೆ ಬಂತು, ನನಗ್ಯಾಕೆ ಬರಲಿಲ್ಲ?

ಹೆಚ್ಚಿನ ಪಾಲು ಮೂರು ಕಡೆ ಸಿಕ್ಕಿಹಾಕಿಕೊಂಡಿರುತ್ತದೆ.

ಮೊದಲನೆಯದು ಖಾತೆ. ಸರ್ಕಾರದ ದುಡ್ಡು ನೀವು ಕೊಟ್ಟ ಪಾಸ್‌ಬುಕ್ ನೋಡಿಕೊಂಡು ಬರುವುದಿಲ್ಲ, ಆಧಾರ್ ಸಂಖ್ಯೆ ಯಾವ ಬ್ಯಾಂಕಿಗೆ ಕೊನೆಯದಾಗಿ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಸಾಲಕ್ಕೋ ಗ್ಯಾಸಿಗೋ ಎಂದು ಎರಡು ಮೂರು ಖಾತೆ ತೆರೆದವರು ತಮ್ಮದಲ್ಲವೆಂದುಕೊಂಡ ಪಾಸ್‌ಬುಕ್ಕನ್ನೂ ಒಮ್ಮೆ ಎಂಟ್ರಿ ಹಾಕಿಸಬೇಕು. ಎಷ್ಟೋ ಸಲ ದುಡ್ಡು ಅಲ್ಲೇ ಇರುತ್ತದೆ. ಎರಡನೆಯದು ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ಖಚಿತಪಡಿಸುವ ಕೆಲಸ, ಆಗದಿರುವುದು. ಮೂರನೆಯದು ಹೆಸರು: ಪಡಿತರ ಚೀಟಿಯಲ್ಲಿ ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ.

ಮೊಬೈಲಿನಲ್ಲಿ ‘ಡಿಬಿಟಿ ಕರ್ನಾಟಕ’ ಆ್ಯಪ್ ಹಾಕಿಕೊಂಡರೆ ಯಾವ ತಿಂಗಳ ಕಂತು ಯಾವ ಖಾತೆಗೆ ಹೋಯಿತು ಎಂದು ಕಾಣುತ್ತದೆ. ಕೇಳಬೇಕಾದ ಕಡೆ: ಗೃಹಲಕ್ಷ್ಮಿಗೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿ, ಪಿಂಚಣಿಗೆ ನಾಡಕಚೇರಿ, ಪಿಎಂ ಕಿಸಾನ್‌ಗೆ ರೈತ ಸಂಪರ್ಕ ಕೇಂದ್ರ. ಕಚೇರಿ ತಪ್ಪಿದರೆ ಒಂದು ದಿನದ ಕೂಲಿ ಹೋಗುತ್ತದೆ, ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ಅಜ್ಜಿಯ ಹೆಬ್ಬೆಟ್ಟು ಮೆಷಿನ್ನು ತಗೊಳ್ತಾನೇ ಇಲ್ಲ. ಏನ್ ಮಾಡೋದು?

ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ಬಿಚ್ಚುವವರ ಕೈ ನೋಡಿದರೆ ಕಾರಣ ಕೇಳಬೇಕಿಲ್ಲ. ಬಿಸಿನೀರಿನ ಬಾಣಲೆಯಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿ ಬೆಳ್ಳಗೆ ನೆನೆದು, ಗೆರೆಗಳೇ ಸವೆದಿರುತ್ತವೆ. ಅಂಥ ಒಬ್ಬ ಅಮ್ಮ, ಹಳ್ಳಿಯಲ್ಲಿ ಬ್ಯಾಂಕಿನ ಪರವಾಗಿ ದುಡ್ಡು ಕೊಡುವ ಬ್ಯಾಂಕ್ ಮಿತ್ರರ ಮೇಜಿನ ಮುಂದೆ ಹೆಬ್ಬೆಟ್ಟನ್ನು ಸೆರಗಿಗೆ ಒರೆಸುವುದು, ಒತ್ತುವುದು, ಕೆಂಪು ದೀಪ ಬರುವುದು, ತಲೆಗೂದಲಿಗೆ ಸವರಿ ಎಣ್ಣೆ ಹತ್ತಿಸಿಕೊಂಡು ಮತ್ತೆ ಒತ್ತುವುದು, ಹಿಂದಿನವರು ‘ಬೇಗ ಬೇಗ’ ಎನ್ನುವುದು. ಜೀವಮಾನವೆಲ್ಲ ದುಡಿದ ಗುರುತಿಗೇ ಆಕೆಯ ದುಡ್ಡು ನಿಲ್ಲುವುದನ್ನು ನೋಡಲಾಗುವುದಿಲ್ಲ.

ಮಾಡಬಹುದಾದ್ದು ಇದೆ. ಹೆಬ್ಬೆಟ್ಟೇ ಆಗಬೇಕೆಂದಿಲ್ಲ, ಹತ್ತು ಬೆರಳಲ್ಲಿ ಯಾವುದು ಚೆನ್ನಾಗಿದೆಯೋ ಅದನ್ನು ಇಡಿ. ಕಿರುಬೆರಳು, ಉಂಗುರದ ಬೆರಳು ಕಡಿಮೆ ಸವೆದಿರುತ್ತವೆ. ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಡಬಹುದು. ಪಿಎಂ ಕಿಸಾನ್‌ನ ಇ-ಕೆವೈಸಿಗೆ 2023ರಿಂದ ಮುಖ ತೋರಿಸಿದರೂ ಸಾಕು. ನಡೆಯಲಾಗದವರಿಗೆ ಅಂಚೆಯಣ್ಣನೇ ಮೆಷಿನ್ ತಂದು ಮನೆ ಬಾಗಿಲಲ್ಲಿ ದುಡ್ಡು ತೆಗೆದುಕೊಡುವ ಸೌಲಭ್ಯ ಅಂಚೆ ಪೇಮೆಂಟ್ಸ್ ಬ್ಯಾಂಕಿನಲ್ಲಿದೆ. ಮತ್ತೆ, ಬೆರಳಿಟ್ಟ ಪ್ರತಿ ಸಲವೂ ಚೀಟಿ ಕೇಳಿ. ‘ಬರಲಿಲ್ಲಮ್ಮ, ನಾಳೆ ಬಾ’ ಎಂದ ದಿನವೇ ಖಾತೆಯಿಂದ ದುಡ್ಡು ಹೋಗಿದ್ದುಂಟು.

## ಮನೆಯೊಳಗೆ

ದುಡ್ಡು ಅತ್ತೆಗಾ, ಸೊಸೆಗಾ?

ಕಾನೂನಿನ ಉತ್ತರ ನೇರ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೇ ಕಲಂ ಪ್ರಕಾರ ಪಡಿತರ ಚೀಟಿಯ ಮಟ್ಟಿಗೆ ಮನೆಯ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ. ಗೃಹಲಕ್ಷ್ಮಿಯೂ ಅದೇ ಚೀಟಿಯನ್ನು ನೋಡುವುದರಿಂದ, ಒಂದೇ ಚೀಟಿಯಲ್ಲಿದ್ದರೆ ಅತ್ತೆಗೆ.

ಸಂಸಾರದ ಉತ್ತರ ಅಷ್ಟು ನೇರವಿಲ್ಲ. ಅತ್ತೆಯ ಕೈಗೆ ದುಡ್ಡು ಬಂದು, ಅಡುಗೆಯ ಖರ್ಚು ಸೊಸೆಯ ಪಾಲಿಗೇ ಉಳಿದ ಮನೆಗಳಿವೆ. ಪಡಿತರ ಚೀಟಿ ಬೇರೆ ಮಾಡಿಸಿಕೊಳ್ಳಲು ಒಲೆಯನ್ನೇ ಬೇರೆ ಮಾಡಿಕೊಂಡವರೂ ಇದ್ದಾರೆ. ಆದರೆ ಇನ್ನೊಂದು ಮುಖವಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಮಗನ ಮುಂದೆ ಮಾತ್ರೆಗೆ ದುಡ್ಡು ಕೇಳಲು ನಾಚುತ್ತಿದ್ದ ವಯಸ್ಸಾದ ತಾಯಿ, ಈಗ ಮೊಮ್ಮಗನ ಕೈಗೆ ತಾನೇ ಹತ್ತು ರೂಪಾಯಿ ಇಡುತ್ತಾಳೆ. ಬಿಪಿ ಮಾತ್ರೆಯನ್ನು ತಿಂಗಳ ಮಧ್ಯೆ ಬಿಡುವುದಿಲ್ಲ. ಸಭೆಯಲ್ಲಿ ಈ ಜಗಳ ಎದ್ದಾಗ ನಾನು ಹೇಳುವುದು ಒಂದೇ: ದುಡ್ಡು ಬಂದ ದಿನ ಅತ್ತೆ ಸೊಸೆ ಇಬ್ಬರೂ ಕೂತು ಯಾವ ಖರ್ಚು ಯಾರದು ಎಂದು ಮಾತಾಡಿಕೊಳ್ಳಿ. ಅದಕ್ಕೆ ಇಲಾಖೆಯ ಸುತ್ತೋಲೆ ಬೇಕಿಲ್ಲ.

ಯಜಮಾನಿ ತೀರಿಕೊಂಡರೆ ಕಂತು ತಾನಾಗಿ ಸೊಸೆಗೆ ಬರುವುದಿಲ್ಲ. ಪಡಿತರ ಚೀಟಿಯಲ್ಲಿ ಮುಖ್ಯಸ್ಥೆಯ ಹೆಸರು ಬದಲಾಯಿಸಿ, ಹೊಸದಾಗಿ ಅರ್ಜಿ ಹಾಕಬೇಕು.

ಗಂಡಸರು ಕುಡಿಯೋಕೆ ಕಿತ್ಕೊಂಡು ಹೋಗ್ತಾರಲ್ಲ, ಇದ್ರಿಂದ ಕುಡಿತ ಜಾಸ್ತಿ ಆಗಲಿಲ್ವಾ?

ಕಿತ್ತುಕೊಳ್ಳುವ ಗಂಡಂದಿರಿದ್ದಾರೆ, ಸುಳ್ಳು ಹೇಳಲಾರೆ. ಆದರೆ ‘ದುಡ್ಡು ಕೊಟ್ಟರೆ ಬಡವರು ಕುಡಿಯುತ್ತಾರೆ’ ಎನ್ನುವುದನ್ನು ಲೆಕ್ಕ ಹಾಕಿ ನೋಡಿದ ಕಡೆ ಅದು ನಿಲ್ಲಲಿಲ್ಲ. ವಿಶ್ವ ಬ್ಯಾಂಕಿನ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೋವಾ 2014ರಲ್ಲಿ ಲ್ಯಾಟಿನ್ ಅಮೆರಿಕ, ಆಫ್ರಿಕ, ಏಷ್ಯಾದ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ನಗದು ಬಂದ ಮನೆಗಳಲ್ಲಿ ಹೆಂಡ, ತಂಬಾಕಿನ ಖರ್ಚು ಏರಿದ್ದು ಕಾಣಲಿಲ್ಲ. ನಮ್ಮದೇ ದೇಶದ ಮಧ್ಯಪ್ರದೇಶದಲ್ಲಿ ‘ಸೇವಾ’ ಎಂಬ ದುಡಿಯುವ ಹೆಂಗಸರ ಸಂಘಟನೆ ಯುನಿಸೆಫ್ ನೆರವಿನಿಂದ 2011ರಲ್ಲಿ ಹಳ್ಳಿಗಳಿಗೆ ಶರತ್ತಿಲ್ಲದೆ ದುಡ್ಡು ಕೊಟ್ಟು ನೋಡಿತು. ಮೊದಲು ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100, ಆಮೇಲೆ 300 ಮತ್ತು 150. ಅಲ್ಲೂ ಕುಡಿತ ಹೆಚ್ಚಲಿಲ್ಲ, ಊಟ ಸುಧಾರಿಸಿತು, ಕುರಿ ಕೋಳಿ ಕೊಂಡರು.

ಕುಡಿತ ನಮ್ಮ ಹಳ್ಳಿಗಳಲ್ಲಿ ಎರಡು ಸಾವಿರಕ್ಕೆ ಮೊದಲೇ ಇತ್ತು. ಅದನ್ನು ನಿಲ್ಲಿಸುವ ಕೆಲಸ ಬೇರೆಯೇ ಆಗಬೇಕು. ಅದಕ್ಕಾಗಿ ಹೆಂಡತಿಯ ದುಡ್ಡನ್ನು ನಿಲ್ಲಿಸಿದರೆ ಏಟು ಬೀಳುವುದು ಮತ್ತೆ ಆಕೆಗೇ. ಎಟಿಎಂ ಕಾರ್ಡು, ಪಿನ್ನು ಗಂಡನ ಜೇಬಿನಲ್ಲಿದ್ದರೆ ಇಂದೇ ಬದಲಾಯಿಸಿಕೊಳ್ಳಿ.

ಮಕ್ಕಳ ಓದಿಗೆ ಉಪಯೋಗ ಆಗ್ತಿದೆಯಾ?

ಆಗುತ್ತಿದೆ, ಸಣ್ಣ ಸಣ್ಣ ಖರ್ಚಿನಲ್ಲಿ. ಜೂನ್ ತಿಂಗಳ ನೋಟ್‌ಬುಕ್ಕು, ಪರೀಕ್ಷೆ ಫೀಸು, ಕಾಲೇಜಿಗೆ ಹೋಗುವ ಹುಡುಗಿಯ ಮಧ್ಯಾಹ್ನದ ತಿಂಡಿ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಎರಡೂ ಸೇರಿದ ಕಡೆ ಹುಡುಗಿಯನ್ನು ಪಿಯುಸಿಗೆ ಕಳಿಸುವ ಮಾತು ಸುಲಭವಾಗಿದೆ. ಖಾಸಗಿ ಬಸ್ಸು ಮಾತ್ರ ಓಡುವ ಊರಿನವರಿಗೆ ಆ ಅರ್ಧ ಇನ್ನೂ ಸಿಕ್ಕಿಲ್ಲ.

## ಸಾಲ, ಕೂಲಿ, ಫಸಲು

ಬಂದಿದ್ದೆಲ್ಲ ಸಾಲದ ಕಂತಿಗೇ ಹೋಗುತ್ತೆ. ಇದ್ರಿಂದ ನಮಗೇನ್ ಲಾಭ?

ಯಾವ ಸಾಲ ಎನ್ನುವುದರ ಮೇಲಿದೆ. ಎರಡು ಲೆಕ್ಕ ಹಾಕೋಣ.

ಊರಿನಲ್ಲಿ ನೂರಕ್ಕೆ ಐದರ ಬಡ್ಡಿಗೆ ತಂದ 10,000 ಇದೆ ಎನ್ನಿ. ತಿಂಗಳಿಗೆ ಬಡ್ಡಿಯೇ 500. ಅಸಲು ಕಟ್ಟಲಾಗದವರು ವರ್ಷಕ್ಕೆ 6,000 ಬಡ್ಡಿ ಕಟ್ಟಿ, ವರ್ಷದ ಕೊನೆಗೆ ಅದೇ ಹತ್ತು ಸಾವಿರಕ್ಕೆ ಬದ್ಧರಾಗಿರುತ್ತಾರೆ. ಅದೇ ಸಾಲಕ್ಕೆ ತಿಂಗಳಿಗೆ 2,000 ತಪ್ಪದೆ ಕಟ್ಟಿದರೆ ಮೊದಲ ತಿಂಗಳು 500 ಬಡ್ಡಿಗೆ, 1,500 ಅಸಲಿಗೆ ಹೋಗಿ, ಬಡ್ಡಿ ಇಳಿಯುತ್ತಾ ಬಂದು, ಆರನೇ ಕಂತಿಗೆ ಸಾಲ ತೀರುತ್ತದೆ. ಇದು ಲಾಭವಲ್ಲದೆ ಮತ್ತೇನು? ಆರು ತಿಂಗಳು ಕಷ್ಟಪಟ್ಟರೆ ಆಮೇಲೆ ಆ ಐನೂರು ಪ್ರತಿ ತಿಂಗಳೂ ಮನೆಯಲ್ಲೇ ಉಳಿಯುತ್ತದೆ. ಕೊಟ್ಟದ್ದರಲ್ಲಿ ಇಷ್ಟು ಅಸಲಿಗೆ ಎಂದು ಬರೆಸಿಕೊಂಡೇ ಬರಬೇಕು.

ಎರಡನೆಯದು ಮೈಕ್ರೋ ಫೈನಾನ್ಸ್. 50,000ವನ್ನು ವರ್ಷಕ್ಕೆ ಶೇಕಡ 24ರಂತೆ ಎರಡು ವರ್ಷಕ್ಕೆ ತಂದರೆ ತಿಂಗಳ ಕಂತು 2,600 ದಾಟುತ್ತದೆ. ಗೃಹಲಕ್ಷ್ಮಿ ಪೂರ್ತಿ ಹೋಗಿ, ಮೇಲೆ ಕೂಲಿಯದ್ದೂ 600 ಹೋಗುತ್ತದೆ. ಆ ಸಾಲ ಹಸುವಿಗೆ ಬಿದ್ದು, ಹಸು ಹಾಲು ಕೊಡುತ್ತಿದ್ದರೆ ಸರಿ. ಮದುವೆಗೋ ಇನ್ನೊಂದು ಸಾಲ ತೀರಿಸಲಿಕ್ಕೋ ಆಗಿದ್ದರೆ, ಸರ್ಕಾರದ ದುಡ್ಡು ನಿಮ್ಮ ಖಾತೆಯನ್ನು ಮುಟ್ಟಿ ಅತ್ತ ಹೋಗುತ್ತದೆ ಅಷ್ಟೆ. ‘ಗೃಹಲಕ್ಷ್ಮಿ ಬರುತ್ತಲ್ಲ, ಇನ್ನೊಂದು ಸಾಲ ತಗೋ’ ಎನ್ನುವವರ ಮಾತಿಗೆ ದಯವಿಟ್ಟು ಬೀಳಬೇಡಿ. 2009ರಲ್ಲಿ ಕೋಲಾರ, ಶಿಡ್ಲಘಟ್ಟದಲ್ಲಿ ರೇಷ್ಮೆ ಕೆಲಸದ ಹೆಂಗಸರು ಒಂದರ ಮೇಲೊಂದು ಸಾಲ ಹೊತ್ತು ಕಂತು ಕಟ್ಟುವುದೇ ನಿಂತುಹೋಗಿದ್ದನ್ನು ಈ ಭಾಗದವರು ಮರೆಯಬಾರದು.

ನಿಮ್ಮ ಕಡೆಗೂ ನಿಯಮಗಳಿವೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಒಂದು ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತೆ ಮೈಕ್ರೋ ಫೈನಾನ್ಸ್ ಸಾಲ ಕೊಡುವಂತಿಲ್ಲ. ಬಲವಂತದ ವಸೂಲಿಯ ವಿರುದ್ಧ ರಾಜ್ಯದಲ್ಲಿ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂದು, ಆಮೇಲೆ ಕಾನೂನಾಯಿತು. ಮನೆ ಮುಂದೆ ಕೂತು ಅವಮಾನ ಮಾಡುವವರ ಮೇಲೆ ಠಾಣೆಯಲ್ಲಿ ದೂರು ಕೊಡಬಹುದು.

ದುಡ್ಡು ಬಿದ್ದ ತಕ್ಷಣ ಬ್ಯಾಂಕಿನವರೇ ಹಳೇ ಸಾಲಕ್ಕೆ ಹಿಡ್ಕೊಂಡ್ರೆ?

ಮೊದಲು ಮ್ಯಾನೇಜರರಿಗೆ ಲಿಖಿತವಾಗಿ ಅರ್ಜಿ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿಗೆ ದಾಖಲೆ ಇರುವುದಿಲ್ಲ. 2023ರಲ್ಲಿ ರಾಜ್ಯದ 223 ತಾಲೂಕು ಬರಪೀಡಿತ ಎಂದು ಘೋಷಣೆಯಾಗಿ, ಪರಿಹಾರ ರೈತರ ಖಾತೆಗೆ ಬಂದಾಗ ಕೆಲವು ಕಡೆ ಅದನ್ನು ಸಾಲಕ್ಕೆ ಹೊಂದಿಸಿಕೊಂಡಿದ್ದರು. ಹಾಗೆ ಮಾಡಬಾರದೆಂದು 2024ರಲ್ಲಿ ಸರ್ಕಾರ ಬ್ಯಾಂಕುಗಳಿಗೆ ಸೂಚನೆ ಕೊಡಬೇಕಾಯಿತು. ಶಾಖೆಯಲ್ಲಿ ಕೆಲಸವಾಗದಿದ್ದರೆ ಜಿಲ್ಲಾ ಲೀಡ್ ಬ್ಯಾಂಕ್ ಕಚೇರಿ, ತಹಶೀಲ್ದಾರರು. ಸಾಲದ ಖಾತೆ ಇಲ್ಲದ ಬೇರೆ ಬ್ಯಾಂಕಿಗೆ ಅಥವಾ ಅಂಚೆಗೆ ಆಧಾರ್ ಜೋಡಣೆ ಬದಲಾಯಿಸಿಕೊಳ್ಳುವ ದಾರಿಯೂ ಇದೆ.

ಪುಕ್ಕಟೆ ದುಡ್ಡು ಬಂದಮೇಲೆ ಕೂಲಿಗೆ ಯಾರೂ ಬರ್ತಿಲ್ಲ. ಜನ ಸೋಮಾರಿಗಳಾಗಿಲ್ವಾ?

ಟೊಮೆಟೊ ಬಿಡಿಸಲು, ಕಳೆ ತೆಗೆಯಲು ಆಳು ಸಿಗದ ರೈತರ ಕಷ್ಟ ನಿಜ. ಕಾರಣ ಬೇರೆ ಕಡೆ ಹುಡುಕಬೇಕು. ದಿನದ ಲೆಕ್ಕಕ್ಕೆ 66 ರೂಪಾಯಿ ಬಂತೆಂದು ಐದು ಜನರ ಸಂಸಾರ ನಡೆಸುವ ಹೆಂಗಸು ಮನೆಯಲ್ಲಿ ಕೂರಲಾರಳು. ಗೌರಿಬಿದನೂರು, ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್, ಮಾಲೂರು, ವಸಂತನರಸಾಪುರದ ಕಾರ್ಖಾನೆಗಳ ವ್ಯಾನು ಬೆಳಿಗ್ಗೆಯೇ ಹಳ್ಳಿಗೆ ಬರುತ್ತದೆ. ಬಿಸಿಲಲ್ಲಿ ಬಗ್ಗುವ ಕೆಲಸಕ್ಕಿಂತ ತಿಂಗಳ ಸಂಬಳವನ್ನು ಯಾರಾದರೂ ಆರಿಸುತ್ತಾರೆ.

ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಆರು ದೇಶಗಳ ಏಳು ಸರ್ಕಾರಿ ನಗದು ಯೋಜನೆಗಳ ಅಂಕಿಅಂಶವನ್ನು ಮತ್ತೆ ಕೂಲಂಕಷವಾಗಿ ನೋಡಿದಾಗ, ದುಡ್ಡು ಪಡೆದವರು ಕೆಲಸ ಕಡಿಮೆ ಮಾಡಿದ್ದು ಎಲ್ಲೂ ಸ್ಪಷ್ಟವಾಗಿ ಕಾಣಲಿಲ್ಲ. ಬದಲಾಗುವುದು ಬೇರೆ: ಮುಂಗಡ ತೆಗೆದುಕೊಂಡು ಒಬ್ಬರದೇ ಹೊಲಕ್ಕೆ ಕಡಿಮೆ ಕೂಲಿಗೆ ಕಟ್ಟಿಹಾಕಿಕೊಳ್ಳುವ ಒತ್ತಡ ತಪ್ಪುತ್ತದೆ. ಏಳು ತಿಂಗಳ ಬಸುರಿ ಕಲ್ಲು ಹೊರಲು ಹೋಗದೆ ಇರಬಹುದು. ಅದನ್ನು ಸೋಮಾರಿತನ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ರಾಗಿ ಮಾರೋದಕ್ಕೂ ಈ ದುಡ್ಡಿಗೂ ಏನ್ ಸಂಬಂಧ?

ಬಹಳ ಇದೆ, ಮತ್ತು ಇದನ್ನು ಕೇಳುವವರು ಕಡಿಮೆ. ಸಾಲದ ಒತ್ತಡವಿರುವ ಸಣ್ಣ ರೈತ ಕಣದಲ್ಲೇ ವ್ಯಾಪಾರಿಗೆ ರಾಗಿ ಅಳೆದುಕೊಡುತ್ತಾನೆ. ಬೆಂಬಲ ಬೆಲೆ 2024-25ಕ್ಕೆ ಕ್ವಿಂಟಾಲಿಗೆ 4,290 ಇತ್ತು, 2025-26ಕ್ಕೆ 4,886 ಆಯಿತು. ಆದರೆ ಅದಕ್ಕೆ ಫ್ರೂಟ್ಸ್ ಐಡಿ (ಸರ್ಕಾರ ರೈತರಿಗೆ ಕೊಡುವ ಗುರುತಿನ ಸಂಖ್ಯೆ), ನೋಂದಣಿ, ಖರೀದಿ ಕೇಂದ್ರ ತೆರೆಯುವವರೆಗೆ ಕಾಯುವುದು, ತೂಕ ಹಾಕಿದ ಮೇಲೂ ದುಡ್ಡಿಗೆ ಕಾಯುವುದು ಎಲ್ಲ ಇದೆ. ಕಾಯಲು ಮನೆಯಲ್ಲಿ ಸೋಪು, ಎಣ್ಣೆ, ಬೇಳೆಗೆ ದುಡ್ಡಿರಬೇಕು. ತಿಂಗಳ ಎರಡು ಸಾವಿರ ಆ ಎರಡು ಮೂರು ತಿಂಗಳನ್ನು ದಾಟಿಸಿದರೆ, ಕ್ವಿಂಟಾಲಿಗೆ ಸಿಗುವ ಹೆಚ್ಚಿನ ಬೆಲೆಯೂ ಅದರ ಫಲವೇ. ಯೋಜನೆಯ ಲೆಕ್ಕದಲ್ಲಿ ಅದು ಎಲ್ಲೂ ಬರುವುದಿಲ್ಲ.

## ವಾದಕ್ಕೆ ಬೀಳುವ ಪ್ರಶ್ನೆಗಳು

ಎಲ್ಲರ ಕೈಗೂ ದುಡ್ಡು ಬಂದ್ರೆ ಅಂಗಡಿಯವರು ರೇಟು ಏರಿಸಲ್ವಾ?

ಕೆನ್ಯಾದ ಸಿಯಾಯಾ ಪ್ರದೇಶದಲ್ಲಿ ಇದನ್ನೇ ಪರೀಕ್ಷೆ ಮಾಡಿದರು. 653 ಹಳ್ಳಿಗಳ ಆ ಅಧ್ಯಯನದಲ್ಲಿ 10,500ಕ್ಕೂ ಹೆಚ್ಚು ಬಡ ಮನೆಗಳಿಗೆ ತಲಾ ಸುಮಾರು 1,000 ಡಾಲರ್ ಸಿಕ್ಕಿತು. ಬೆಲೆ ಏರಿದ್ದು ಸರಾಸರಿ ಶೇಕಡ 0.1 ಮಾತ್ರ. ದುಡ್ಡು ಸಿಗದ ಮನೆಗಳ ಖರ್ಚೂ ಹೆಚ್ಚಿತು, ಯಾಕೆಂದರೆ ಅವರ ಅಂಗಡಿ, ಅವರ ಕೆಲಸಕ್ಕೆ ಗಿರಾಕಿ ಬಂದರು. ನಮ್ಮ ಸಂತೆಗಳು ಆ ಹಳ್ಳಿಗಳಿಗಿಂತ ಪೇಟೆಗೆ ಹತ್ತಿರ. ಬಾಗೇಪಲ್ಲಿಯ ಅಂಗಡಿಯವರು ಬೇಳೆಗೆ ಹತ್ತು ರೂಪಾಯಿ ಏರಿಸಿದರೆ ಹೆಂಗಸರು ಪುಕ್ಕಟೆ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋಗಿ ತರುತ್ತಾರೆ.

ತಿಂಗಳು ತಿಂಗಳು ಕೊಡೋ ಬದಲು ವರ್ಷದ್ದು ಒಂದೇ ಸಲ ಕೊಟ್ರೆ ಒಳ್ಳೇದಲ್ವಾ?

ಕೆನ್ಯಾದಲ್ಲೇ ಯೋಹಾನೆಸ್ ಹೌಸ್‌ಹೋಫರ್ ಮತ್ತು ಜೆರೆಮಿ ಶಪೀರೊ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಿಂಗಳ ಕಂತು ಪಡೆದವರ ಊಟ ಹೆಚ್ಚು ಸುಧಾರಿಸಿತು, ಒಟ್ಟಿಗೆ ಪಡೆದವರು ಬಾಳಿಕೆಯ ವಸ್ತು ಹೆಚ್ಚು ಕೊಂಡರು. ಎರಡೂ ಬೇಕಾದವೇ. ನಮ್ಮ ಹೆಂಗಸರು ಇದಕ್ಕೆ ತಾವೇ ದಾರಿ ಮಾಡಿಕೊಂಡಿದ್ದಾರೆ, ಚೀಟಿ. ಹತ್ತು ಜನ ತಿಂಗಳಿಗೆ ಎರಡು ಸಾವಿರದಂತೆ ಹಾಕಿದರೆ ತಿಂಗಳಿಗೊಬ್ಬರಿಗೆ 20,000. ಅದರಲ್ಲಿ ಹೊಲಿಗೆ ಯಂತ್ರ, ಎರಡು ಮೂರು ಮೇಕೆ, ಮನೆಯ ಸೋರುವ ಶೀಟು. ಕಂತು ಮೂರು ತಿಂಗಳು ನಿಂತರೆ ಮೊದಲು ಮುರಿಯುವುದೂ ಈ ಚೀಟಿಯೇ. ಹತ್ತು ಜನರ ನಡುವಿನ ನಂಬಿಕೆ ಅದರೊಂದಿಗೆ ಹೋಗುತ್ತದೆ. ಪರಿಚಯವಿಲ್ಲದವರ ಚೀಟಿಗೆ ಸೇರಬೇಡಿ.

ಅಕ್ಕಿ ಬೇಕಾ, ಅಕ್ಕಿಯ ದುಡ್ಡು ಬೇಕಾ?

ಇದನ್ನು ನಾವು ಬದುಕಿ ನೋಡಿದ್ದೇವೆ. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿ ಅಕ್ಕಿ ಹೊಂದಿಸಲಾಗದೆ ಸರ್ಕಾರ ಕೆಜಿಗೆ 34ರಂತೆ ತಲೆಗೆ 170 ರೂಪಾಯಿ ಕೊಟ್ಟಿತು. ಐದು ಜನರ ಮನೆಗೆ 850. 2025ರ ಫೆಬ್ರವರಿಯಲ್ಲಿ ಮತ್ತೆ ಅಕ್ಕಿ ಕೊಡತೊಡಗಿದರು. ನಮ್ಮ ಜಿಲ್ಲೆಗಳಲ್ಲಿ ಊಟವೆಂದರೆ ಮುದ್ದೆ, ಆದ್ದರಿಂದ ಆ ದುಡ್ಡಲ್ಲಿ ಬೇಳೆ, ಎಣ್ಣೆ, ಮೊಟ್ಟೆ ತಂದವರು ಬಹಳ. ಸ್ವಂತ ರಾಗಿ ಇಲ್ಲದ ಕೂಲಿ ಮನೆಗಳವರು ಅಕ್ಕಿಯೇ ಬೇಕೆಂದರು, ಯಾಕೆಂದರೆ ಅಂಗಡಿಯಲ್ಲಿ ಬೆಲೆ ಏರಿದರೂ ಚೀಲದ ಅಕ್ಕಿ ಕಡಿಮೆಯಾಗುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹೊಟ್ಟೆಯ ಮೂಲ ಧಾನ್ಯ ಧಾನ್ಯವಾಗಿಯೇ ಬರಲಿ, ಅದರಾಚೆಗಿನದು ದುಡ್ಡಾಗಿ ಬರಲಿ.

ಮಕ್ಕಳನ್ನ ಸ್ಕೂಲಿಗೆ ಕಳಿಸಿದ್ರೆ ಮಾತ್ರ ದುಡ್ಡು ಅಂತ ಶರತ್ತು ಹಾಕಬಾರದಾ?

ಮೆಕ್ಸಿಕೊ 1997ರಲ್ಲಿ, ಬ್ರೆಜಿಲ್ 2003ರಲ್ಲಿ ಹಾಗೆ ಶುರುಮಾಡಿದವು, ಫಲವೂ ಸಿಕ್ಕಿತು. ಆದರೆ ಮಲಾವಿ ದೇಶದ ಜೊಂಬಾದಲ್ಲಿ ಹರೆಯದ ಹುಡುಗಿಯರ ಮೇಲೆ ನಡೆದ ಪ್ರಯೋಗ ನಮಗೆ ಹೆಚ್ಚು ಹತ್ತಿರ. ಶರತ್ತಿನ ದುಡ್ಡು ಶಾಲೆ ಬಿಡುವುದನ್ನು ಹೆಚ್ಚು ತಡೆಯಿತು. ಶರತ್ತಿಲ್ಲದ ದುಡ್ಡು, ಶಾಲೆ ಬಿಟ್ಟೇಬಿಟ್ಟ ಹುಡುಗಿಯರ ಬೇಗನೆ ಮದುವೆ, ಬೇಗನೆ ಬಸಿರನ್ನು ತಡೆಯಿತು. ಅಂದರೆ ಶರತ್ತು ಹಾಕಿದಾಗ ಕೈಬಿಟ್ಟುಹೋಗುವುದು ಅತಿ ಹೆಚ್ಚು ಅಪಾಯದಲ್ಲಿರುವ ಹುಡುಗಿಯೇ. ಹಾಜರಾತಿ ಸಹಿಗಾಗಿ ಅಲೆಯುವ ತಾಯಿಯ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇಷ್ಟೊಂದು ದುಡ್ಡಲ್ಲಿ ನೀರು, ಆಸ್ಪತ್ರೆ ಮಾಡಬಹುದಿತ್ತಲ್ವಾ?

ಈ ಪ್ರಶ್ನೆಗೆ ನನ್ನ ಗೌರವವಿದೆ. ಸಾವಿರ ಅಡಿ ಕೊರೆದರೂ ನೀರಿಲ್ಲದ ಬೋರ್‌ವೆಲ್‌ಗೆ, ಪಾವಗಡ, ಬಾಗೇಪಲ್ಲಿಯ ಫ್ಲೋರೈಡ್ ನೀರಿಗೆ ಯಾವ ಯಜಮಾನಿಯ ಎರಡು ಸಾವಿರವೂ ಉತ್ತರವಲ್ಲ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅಂಥ ಕೆಲಸ ಮನೆಮನೆಯಿಂದ ಆಗುವಂಥದ್ದಲ್ಲ, ಸರ್ಕಾರವೇ ಮಾಡಬೇಕು. ಆದರೆ ಆಸ್ಪತ್ರೆ ಕಟ್ಟಿದ ಮೇಲೂ ಅಲ್ಲಿಗೆ ಹೋಗಲು ಆಟೋ ಬಾಡಿಗೆ, ಹೊರಗೆ ಬರೆದುಕೊಡುವ ಮಾತ್ರೆ, ಹೋದ ದಿನದ ಕೂಲಿ ಇರುತ್ತದೆ. ಸುಮಾರು 1.2 ಕೋಟಿ ಹೆಂಗಸರಿಗೆ ಕೊಡುವ ಯೋಜನೆಯ ಭಾರ ಖಜಾನೆಗೆ ದೊಡ್ಡದೇ. ಅದಕ್ಕಾಗಿ ಬೇರೆ ಕೆಲಸ ನಿಲ್ಲುತ್ತಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ. ದುಡ್ಡು ಪಡೆಯುವವರಿಗೆ ಕೇಳುವ ಹಕ್ಕಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಯೋಜನೆ ನಿಂತೇಹೋದ್ರೆ ಏನ್ ಗತಿ?

ನಿಲ್ಲಬಹುದು. ಪಿಎಂ ಕಿಸಾನ್‌ಗೆ ಸೇರಿಸಿ ರಾಜ್ಯ ಸರ್ಕಾರ ಕೊಡುತ್ತಿದ್ದ ವರ್ಷಕ್ಕೆ 4,000 ರೂಪಾಯಿ 2023ರಲ್ಲಿ ನಿಂತಿತು. ಆದ್ದರಿಂದ ಬರುತ್ತಿರುವಾಗಲೇ ಮಾಡಿಕೊಳ್ಳಬೇಕಾದ್ದನ್ನು ಕ್ರಮವಾಗಿ ಹೇಳುತ್ತೇನೆ. ಮೊದಲು ನೂರಕ್ಕೆ ಮೂರು, ಐದರ ಬಡ್ಡಿ ಸಾಲ ತೀರಲಿ. ಆಮೇಲೆ ಎರಡು ತಿಂಗಳ ರೇಷನ್ನಿಗಾಗುವಷ್ಟು ಅಂಚೆ ಖಾತೆಯಲ್ಲಿ ಉಳಿಯಲಿ. ಅದಾದ ಮೇಲೆ ಮೇಕೆ, ಹಸು, ಯಂತ್ರ. ಈ ದುಡ್ಡನ್ನೇ ನಂಬಿ ಎರಡು ಮೂರು ವರ್ಷದ ಹೊಸ ಸಾಲಕ್ಕೆ ಸಹಿ ಹಾಕಬೇಡಿ. ಪಿಂಚಣಿಗೆ ಅರ್ಹರಾದ ಹಿರಿಯರು ಮನೆಯಲ್ಲಿದ್ದು ಇನ್ನೂ ಅರ್ಜಿ ಹಾಕಿಲ್ಲದಿದ್ದರೆ, ಆಧಾರ್ ಮತ್ತು ಪಡಿತರ ಚೀಟಿ ಹಿಡಿದು ಈ ವಾರವೇ ನಾಡಕಚೇರಿಗೆ ಹೋಗಿಬನ್ನಿ.